ಸೆರಗು, ದಡಿ, ಖಣ : ಇಳಕಲ್ಲ ಸೀರೆ ಮತ್ತು ಗುಳೇದಗುಡ್ಡದ ಖಣಗಳಲ್ಲಿ ಬಣ್ಣದ ಹೊಂದಿಕೆಯ ಇತಿಹಾಸ

೧. ಪೀಠಿಕೆ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಈ ಊರುಗಳ ಸುತ್ತಣ ಸೀಮೆಯಲ್ಲಿ ಹೆಣ್ಣುಮಕ್ಕಳ ಉಡುಪು ಎರಡು ಬಟ್ಟೆಗಳಿಂದ ಪೂರ್ಣವಾಗುತ್ತದೆ: ಇಳಕಲ್ಲ ಸೀರೆ ಮತ್ತು ಗುಳೇದಗುಡ್ಡದ ಖಣ. ಇವೆರಡೂ ಒಂದೇ ಮೈಮೇಲೆ ಒಟ್ಟಿಗೆ ಬರುವ ವಸ್ತ್ರಗಳಾದರೂ ಒಂದೇ ಮಗ್ಗದಲ್ಲಿ ಹುಟ್ಟಿದವಲ್ಲ. ಮಲಪ್ರಭೆಯ ಒಂದು ಕಡೆಗೆ ಗುಳೇದಗುಡ್ಡ, ಇನ್ನೊಂದು ಕಡೆಗೆ ಇಳಕಲ್ಲ. ಸೀರೆ ನೇಯ್ದವನು ಖಣ ನೇಯ್ದವನನ್ನು ಕಂಡಿರುವುದಿಲ್ಲ. ನೂಲಿಗೆ ಬಣ್ಣ ಕಟ್ಟಿದವರೂ ಬೇರೆ ಬೇರೆ. ಆದರೂ ಉಟ್ಟಾಗ ಎರಡೂ ಒಂದಕ್ಕೊಂದು ಒಪ್ಪುತ್ತವೆ. ಸೀರೆಯೊಳಗೇ ನೋಡಿದರೂ ಮೈ, ದಡಿ, ಸೆರಗು ಎಂಬ ಮೂರು ಭಾಗಗಳು ಮೂರು ಬೇರೆ ಹಾಸುಗಳಾಗಿ ಸಿದ್ಧವಾಗಿ, ಮಗ್ಗದ ಮೇಲೆ ಒಂದಾಗುತ್ತವೆ. ಬೇರೆ ಬೇರೆ ಕೈಗಳಲ್ಲಿ ಹುಟ್ಟಿದ ಈ ಭಾಗಗಳ ಬಣ್ಣವು ಕಾಲಾನುಕಾಲಕ್ಕೆ ಹೊಂದಿಕೊಂಡು ಬಂದದ್ದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸಲು ಉದ್ದೇಶಿಸಿದ್ದೇವೆ.

ಇದು ಕೇವಲ ಸೌಂದರ್ಯದ ಪ್ರಶ್ನೆಯಲ್ಲ. ಇಳಕಲ್ಲ ಸೀರೆಯೂ ಗುಳೇದಗುಡ್ಡದ ಖಣವೂ ೧೯೯೯ರ ಕಾಯಿದೆಯ ಮೇರೆಗೆ ಭೌಗೋಳಿಕ ಗುರುತಿನ ಮಾನ್ಯತೆಯನ್ನು ಪಡೆದಿವೆ. ವಿದ್ಯುನ್ಮಗ್ಗದ ಅನುಕರಣೆಗಳು ಅದೇ ಹೆಸರಿನಿಂದ ಪೇಟೆಯಲ್ಲಿ ಮಾರಾಟವಾಗುತ್ತಿವೆ. ಈ ವಸ್ತ್ರಗಳಲ್ಲಿ ಕಾಯ್ದುಕೊಳ್ಳಬೇಕಾದುದು ಯಾವುದು, ನಿರ್ದಿಷ್ಟವಾದೊಂದು ಬಣ್ಣವೇ ಅಥವಾ ಬಣ್ಣಗಳ ನಡುವಣ ಸಂಬಂಧವೇ ಎಂಬುದು ತಿಳಿಯದೆ ಅಸಲು-ನಕಲುಗಳ ವಿವೇಚನೆ ಸಾಧ್ಯವಾಗದು. ಈ ಪ್ರಶ್ನೆಗೆ ಉತ್ತರವನ್ನು ಇತಿಹಾಸದಲ್ಲಿಯೇ ಹುಡುಕಬೇಕಾಗಿದೆ.

೨. ಆಧಾರಗಳ ಸ್ವರೂಪ

ಇಳಕಲ್ಲಿನ ನೇಯ್ಗೆಯು ಎಂಟನೆಯ ಶತಮಾನದಷ್ಟು ಹಳೆಯದೆಂಬ ಮಾತು ಬಹಳವಾಗಿ ಪ್ರಚಾರದಲ್ಲಿದೆ. ಈ ಸೀಮೆಯು ಚಾಲುಕ್ಯರ ನೆಲೆ; ಬಾದಾಮಿಯ ಮೂರನೆಯ ಗುಹೆಯಲ್ಲಿರುವ ಮಂಗಳೇಶನ ಶಾಸನವು ಶಕ ೫೦೦ರದು, ಎಂದರೆ ಕ್ರಿ. ಶ. ೫೭೮. ಹುನಗುಂದ ತಾಲೂಕಿನ ಐಹೊಳೆಯು ದಕ್ಷಿಣಾಪಥದಲ್ಲೆಲ್ಲ ವ್ಯಾಪಾರ ನಡೆಸಿದ ಅಯ್ಯಾವೊಳೆ ಐನೂರ್ವರ ಮೂಲಸ್ಥಾನವೆಂದು ಪ್ರಸಿದ್ಧವಾಗಿದೆ. ಇಂತಹ ನಾಡಿನಲ್ಲಿ ನೇಯ್ಗೆ ಪ್ರಾಚೀನವೆಂದು ಹೇಳುವುದಕ್ಕೆ ಅಡ್ಡಿಯಿಲ್ಲ. ಆದರೆ ನೇಯ್ಗೆಯ ಪ್ರಾಚೀನತೆ ಬೇರೆ, ಈಗ ಇಳಕಲ್ಲ ಸೀರೆಯೆಂದು ನಾವು ಗುರುತಿಸುವ ವಸ್ತ್ರವಿಶೇಷದ ಪ್ರಾಚೀನತೆ ಬೇರೆ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಶಿಲ್ಪಗಳಲ್ಲಿ ವಸ್ತ್ರದ ನಿರಿಗೆಯನ್ನೂ ಅಂಚನ್ನೂ ಕಾಣಬಹುದು, ಬಣ್ಣವನ್ನು ಕಾಣಲಾಗದು. ಮೂರನೆಯ ಗುಹೆಯಲ್ಲಿ ಉಳಿದಿರುವ ವರ್ಣಚಿತ್ರಗಳ ಕುರುಹುಗಳು ಬಹುಮಟ್ಟಿಗೆ ಮಾಸಿಹೋಗಿವೆ. ಆದುದರಿಂದ ಬಣ್ಣದ ಇತಿಹಾಸಕ್ಕೆ ಕಲ್ಲಿನ ಸಾಕ್ಷ್ಯವನ್ನು ನೆಚ್ಚುವಂತಿಲ್ಲ.

ಹತ್ತಿರದ ಕಾಲಕ್ಕೆ ಬಂದರೆ ಆಡಳಿತದ ದಾಖಲೆಗಳು ದೊರೆಯುತ್ತವೆ. ಈ ತಾಲೂಕುಗಳು ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಗೆ ಸೇರಿದ್ದವು. ೧೮೮೫ರಲ್ಲಿ ಜಿಲ್ಲೆಯ ಮುಖ್ಯಸ್ಥಳವು ವಿಜಾಪುರಕ್ಕೆ ಹೋಯಿತು. ಮುಂಬಯಿ ಸರಕಾರವು ೧೮೮೪ರಲ್ಲಿ ಪ್ರಕಟಿಸಿದ ವಿಜಾಪುರ ಜಿಲ್ಲೆಯ ಗ್ಯಾಸೆಟಿಯರಿನಂತಹ ಗ್ರಂಥಗಳು ಆ ಕಾಲದ ಕೈಗಾರಿಕೆಯನ್ನು ಹೊರಗಿನ ಕಣ್ಣಿನಿಂದ ವರ್ಣಿಸುತ್ತವೆ. ಮುಂದೆ ೧೯೫೬ರ ನವೆಂಬರ್ ೧ರಂದು ಈ ಪ್ರದೇಶವು ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು. ೧೯೯೭ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಯಿತು. ಬಾಗಲಕೋಟೆಯ ಹಳೆಯ ಪೇಟೆಯ ಭಾಗಗಳು ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಸಿಕ್ಕು, ನವನಗರವು ಬೇರೆಯಾಗಿ ಕಟ್ಟಲ್ಪಟ್ಟಿತು. ಹೀಗೆ ಪೇಟೆಯ ಕುರುಹುಗಳೇ ನೀರುಪಾಲಾದ ಮೇಲೆ ನಮಗೆ ಉಳಿಯುವ ಮುಖ್ಯ ಸಾಕ್ಷಿ ಬಟ್ಟೆಯೇ. ಬಟ್ಟೆಯ ರಚನೆಯನ್ನು ಸರಿಯಾಗಿ ಓದಿದರೆ ಅದು ಬಹಳಷ್ಟು ಹೇಳುತ್ತದೆ.

೩. ಮಗ್ಗದ ಮೇಲಿನ ನಿಯಮ

ಸಾಂಪ್ರದಾಯಿಕ ಇಳಕಲ್ಲ ಸೀರೆಯ ಮೈ ಹತ್ತಿಯ ನೂಲಿನದು. ರೇಷ್ಮೆಯ ಮೈಯೂ ಉಂಟು. ದಡಿ ಮತ್ತು ಸೆರಗುಗಳ ಹಾಸು ರೇಷ್ಮೆಯದು, ಇಲ್ಲವೇ ನೇಕಾರರು ಚಮಕಾ ಎಂದು ಕರೆಯುವ ಕೃತಕ ರೇಷ್ಮೆಯದು. ಮೈಯ ಹಾಸನ್ನೂ, ದಡಿಯ ಹಾಸನ್ನೂ, ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸುತ್ತಾರೆ. ಅನಂತರ ಮೈಯ ಹಾಸಿನ ಎಳೆಗಳ ಕುಣಿಕೆಗಳಲ್ಲಿ ಸೆರಗಿನ ಹಾಸಿನ ಎಳೆಗಳನ್ನು ಒಂದೊಂದಾಗಿ ಸಿಕ್ಕಿಸಿ ಎರಡನ್ನೂ ಜೋಡಿಸುತ್ತಾರೆ. ಇದಕ್ಕೆ ಕೊಂಡಿ ಎಂದು ಹೆಸರು. ಕೊಂಡಿಯ ಈ ಜೋಡಣೆಯಿಂದಾಗಿ ಸೀರೆಯ ಮೈಯ ಹಾಸು ನೂಲು ಸೆರಗಿನೊಳಕ್ಕೆ ಹೋಗುವುದೇ ಇಲ್ಲ. ಸೆರಗು ಅಪ್ಪಟ ರೇಷ್ಮೆಯ ಬಣ್ಣದಿಂದ ತುಂಬಿ ನಿಲ್ಲುತ್ತದೆ. ಇದರ ಬೆಲೆಯನ್ನು ನೇಕಾರನು ದುಡಿಮೆಯಲ್ಲಿ ತೆರಬೇಕಾಗುತ್ತದೆ: ಹಲವು ಸೀರೆಗಳಿಗೆ ಒಂದೇ ಉದ್ದನೆಯ ಹಾಸನ್ನು ಹೂಡುವ ಅನುಕೂಲ ಇಲ್ಲಿಲ್ಲ. ಆರು, ಎಂಟು, ಒಂಬತ್ತು ಗಜಗಳ ಪ್ರತಿಯೊಂದು ಸೀರೆಗೂ ಹಾಸನ್ನು ಹೊಸದಾಗಿ ಸಿದ್ಧಪಡಿಸಬೇಕು.

ಸೆರಗಿನ ಉದ್ದ ಸಾಮಾನ್ಯವಾಗಿ ೧೬ರಿಂದ ೨೭ ಅಂಗುಲ. ಅದರಲ್ಲಿ ಮೂರು ಕೆಂಪು ಭಾಗಗಳೂ ಅವುಗಳ ನಡುವೆ ಎರಡು ಬಿಳಿಯ ಭಾಗಗಳೂ ಬರುತ್ತವೆ. ಕೆಂಪು ಬಿಳಿಗಳು ಕೂಡುವಲ್ಲಿ ಹಲ್ಲುಹಲ್ಲಾದ ಆಕೃತಿಗಳಿರುತ್ತವೆ. ತೋಪ ತೆನಿ, ಹಣಿಗೆ, ಕೋಟಿ ಕಮ್ಮಲಿ, ರಂಪ ಎಂದು ಅವುಗಳ ಹೆಸರು. ಕನ್ನಡದಲ್ಲಿ ತೆನೆಯೆಂದರೆ ಜೋಳದ ತೆನೆಯೂ ಹೌದು, ಕೋಟೆಯ ತೆನೆಯೂ ಹೌದು. ಒಂದೇ ಆಕೃತಿಯಲ್ಲಿ ಒಕ್ಕಲಿಗನಿಗೆ ಹೊಲವೂ ಕಾವಲುಗಾರನಿಗೆ ಕೋಟೆಯೂ ಕಾಣುವುದು ಈ ಸೀಮೆಗೆ ಒಪ್ಪುವ ಮಾತೇ ಆಗಿದೆ.

ಈ ರಚನೆಯಲ್ಲಿ ಬಣ್ಣದ ನಿಯಮವು ಬಹು ಸರಳವಾಗಿದೆ. ದಡಿಗೆ ಯಾವ ಬಣ್ಣವೋ ಸೆರಗಿಗೂ ಅದೇ ಬಣ್ಣ. ಅದು ಸಾಮಾನ್ಯವಾಗಿ ಕೆಂಪು ಇಲ್ಲವೇ ಕುಂಕುಮಗೆಂಪು. ಮೈಯ ಬಣ್ಣಕ್ಕೆ ಮಾತ್ರ ಸ್ವಾತಂತ್ರ್ಯವುಂಟು: ದಾಳಿಂಬೆಗೆಂಪು, ನವಿಲುಹಸಿರು, ಗಿಣಿಹಸಿರು ಮೊದಲಾದುವು ಪ್ರಸಿದ್ಧ; ಗೆರೆ, ಚೌಕಳಿಗಳೂ ಬರುತ್ತವೆ. ಮದುಮಗಳ ಸೀರೆಗೆ ಗಿರಿಕುಂಕುಮವೆಂಬ ಬಣ್ಣ ವಿಶೇಷ. ದಡಿಯ ವಿನ್ಯಾಸದಲ್ಲಿಯೂ ಚಿಕ್ಕಿ, ಗೋಮಿ, ಗಾಡಿದಡಿ, ಪರಾಸಪೇಟೆ, ಗಾಯತ್ರಿ ಎಂಬ ಭೇದಗಳುಂಟು. ಆದರೆ ದಡಿ-ಸೆರಗುಗಳ ಐಕ್ಯಕ್ಕೆ ಈ ಯಾವ ಭೇದವೂ ಬಾಧಕವಾಗುವುದಿಲ್ಲ.

ಈ ನಿಯಮದ ಬಲವನ್ನು ಚಂದ್ರಕಾಳಿ ಸೀರೆಯಲ್ಲಿ ಚೆನ್ನಾಗಿ ಕಾಣಬಹುದು. ಮಂಗಳಕಾರ್ಯಗಳಲ್ಲಿ ಕಪ್ಪು ಬಣ್ಣ ವರ್ಜ್ಯವೆಂಬ ಭಾವನೆ ಎಲ್ಲೆಡೆಯೂ ಇದೆ. ಆದರೂ ಕಸೂತಿ ಹಾಕಿದ ಕಪ್ಪು ಚಂದ್ರಕಾಳಿಯನ್ನು ಮದುಮಗಳಿಗೆ ಕೊಡುವ ರೂಢಿ ಈ ನಾಡಿನಲ್ಲಿತ್ತು. ಮೈ ಕಪ್ಪಾದರೂ ಕೆಂಪು ಸೆರಗು ಮಂಗಳವನ್ನು ಕಾಯುತ್ತದೆ ಎಂಬ ಭಾವನೆ ಇದರ ಹಿಂದೆ ಇದ್ದಿರಬೇಕೆಂದು ನಮ್ಮ ಅಭಿಪ್ರಾಯ. ಸ್ಥಿರವಾದುದು ಸ್ಥಿರವಾಗಿದ್ದುದರಿಂದಲೇ ಉಳಿದುದು ಸ್ವತಂತ್ರವಾಗಿರಲು ಸಾಧ್ಯವಾಯಿತು.

೪. ಬಣ್ಣದ ಹಂಡೆ

ಮಗ್ಗದ ಮೇಲೆ ಏರಿದ ನೂಲಿನ ಬಣ್ಣವನ್ನು ತಿದ್ದಲಾಗುವುದಿಲ್ಲ. ಆದುದರಿಂದ ಹೊಂದಿಕೆಯು ನಿಜವಾಗಿ ನಿಶ್ಚಯವಾಗುವುದು ಬಣ್ಣಗಾರನ ಹಂಡೆಯಲ್ಲಿಯೇ. ದಡಿಗೂ ಸೆರಗಿಗೂ ಬೇಕಾದ ಲಡಿಗಳನ್ನು ಒಂದೇ ಹಂಡೆಯಲ್ಲಿ ಅದ್ದಿ ತೆಗೆದರೆ ಅವುಗಳಲ್ಲಿ ಭೇದವುಂಟಾಗುವ ಸಂಭವವು ಕಡಿಮೆ. ಬೇರೆ ದಿನ ಬೇರೆ ಹಂಡೆಯಲ್ಲಿ ಅದ್ದಿದರೆ, ಅಳತೆ ಒಂದೇ ಇದ್ದರೂ, ನೀರಿನ ಗುಣ, ಬೆಂಕಿಯ ಕಾವು, ಅದ್ದಿದ ಹೊತ್ತು ಇವುಗಳಿಂದ ಛಾಯೆ ಬದಲಾಗುತ್ತದೆ. ದಡಿ-ಸೆರಗುಗಳು ಒಂದೇ ಬಣ್ಣವಾಗಿರಬೇಕೆಂಬ ನಿಯಮವು ಹೀಗೆ ಬಣ್ಣಗಾರನ ಕೆಲಸಕ್ಕೆ ಅನುಕೂಲವಾದ ನಿಯಮವೂ ಹೌದು.

ಹಳೆಯ ಕಾಲದ ಬಣ್ಣಗಳು ಗಿಡಮರಗಳಿಂದಲೂ ಕೀಟಗಳಿಂದಲೂ ಬರುತ್ತಿದ್ದವು. ಹತ್ತಿಯ ಕೆಂಪಿಗೆ ಮಡ್ಡಿಯ ಬೇರು. ಅದಕ್ಕೆ ಪಟಿಕದ ಒಗರು ಕೊಟ್ಟರೆ ಮಾತ್ರ ಬಣ್ಣವು ನೂಲನ್ನು ಹಿಡಿಯುತ್ತಿತ್ತು. ರೇಷ್ಮೆಯ ಕೆಂಪಿಗೆ ಅರಗು ಇಲ್ಲವೇ ಕಿರಮಂಜಿ. ನೀಲಿಯು ನೀಲಿಗಿಡದಿಂದ, ಎಷ್ಟು ಸಲ ಅದ್ದಿದರೆ ಅಷ್ಟು ಗಾಢ. ಚಂದ್ರಕಾಳಿಯ ಕಪ್ಪು ಕೂಡ ಮತ್ತೆ ಮತ್ತೆ ನೀಲಿಯಲ್ಲಿ ಅದ್ದಿ ಗಾಢವಾಗಿಸಿದ ಬಣ್ಣವೇ. ನೀಲಿಯ ಮೇಲೆ ಅರಿಷಿಣವನ್ನೋ ದಾಳಿಂಬೆಯ ಸಿಪ್ಪೆಯ ಹಳದಿಯನ್ನೋ ಏರಿಸಿದರೆ ಹಸಿರು. ಅರಿಷಿಣದ ಹಳದಿ ಬಿಸಿಲಿಗೆ ಬೇಗ ಹಾರಿಹೋಗುತ್ತದೆ. ಆಗ ಹಸಿರಿನೊಳಗಿಂದ ನೀಲಿ ತಲೆಯೆತ್ತುತ್ತದೆ.

ಇದರಿಂದ ಒಂದು ಮುಖ್ಯ ವಿಷಯ ಹೊರಡುತ್ತದೆ. ಹತ್ತಿಯ ಕೆಂಪೂ ರೇಷ್ಮೆಯ ಕೆಂಪೂ ಬೇರೆ ಬೇರೆ ದ್ರವ್ಯಗಳಿಂದ ಬಂದುವು. ಅವನ್ನು ಒಂದೇ ಛಾಯೆಗೆ ತರುವುದು ದುಸ್ಸಾಧ್ಯ. ಒಂದೇ ದ್ರವ್ಯದಿಂದ ಬಂದರೂ ಹೊಳಪಿಲ್ಲದ ಹತ್ತಿಯ ಮೇಲೆ ಒಂದು ಬಗೆ, ಹೊಳಪುಳ್ಳ ರೇಷ್ಮೆಯ ಮೇಲೆ ಇನ್ನೊಂದು ಬಗೆ ಕಾಣುತ್ತದೆ. ಆದುದರಿಂದ ಇಳಕಲ್ಲಿನ ನೇಕಾರನು ಎರಡು ಬಗೆಯ ಹೊಂದಿಕೆಯನ್ನು ವಿಂಗಡಿಸಿಕೊಂಡಂತೆ ತೋರುತ್ತದೆ: ರೇಷ್ಮೆ ರೇಷ್ಮೆಗಳ ನಡುವೆ ಐಕ್ಯ, ಹತ್ತಿ ರೇಷ್ಮೆಗಳ ನಡುವೆ ಭೇದ. ಕೂಡದುದನ್ನು ಕೂಡಿಸಲು ಹೋಗಿ ಅರೆಕೊರೆಯಾಗುವುದಕ್ಕಿಂತ, ಬೇರೆಯೆಂದೇ ತೋರಿಸಿ ಒಪ್ಪಿಸುವುದು ಲೇಸೆಂಬುದು ಇದರ ತತ್ತ್ವ.

೫. ಹೊಸ ಬಣ್ಣಗಳ ಕಾಲ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ವ್ಯವಸ್ಥೆಯ ಅಡಿಗಲ್ಲೇ ಅಲುಗಾಡಿತು. ೧೮೫೬ರಲ್ಲಿ ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಕಲ್ಲಿದ್ದಲಿನ ಡಾಂಬರಿನ ದ್ರವ್ಯದಿಂದ ಮೊದಲ ಕೃತಕ ಬಣ್ಣವನ್ನು ಪಡೆದನು. ೧೮೬೮ರಲ್ಲಿ ಜರ್ಮನಿಯ ಗ್ರೇಬೆ ಮತ್ತು ಲೀಬರ್ಮನ್‌ರು ಅಲಿಜರಿನ್ ಎಂಬ ಕೆಂಪನ್ನು ಕೃತಕವಾಗಿ ತಯಾರಿಸಿದರು. ೧೮೯೭ರಲ್ಲಿ ಕೃತಕ ನೀಲಿ ಮಾರುಕಟ್ಟೆಗೆ ಬಂದಿತು. ಮಡ್ಡಿಯ ಬೇರನ್ನು ಅಗೆದು, ಕುಟ್ಟಿ, ದಿನಗಟ್ಟಲೆ ಅದ್ದುವ ಕೆಲಸಕ್ಕೆ ಬದಲಾಗಿ ಡಬ್ಬಿಯ ಪುಡಿ ಸಾಕಾಯಿತು. ೧೮೮೦ರ ದಶಕದಲ್ಲಿ ಗದಗದಿಂದ ಹೊಟಗಿಗೆ ಹೋಗುವ ರೈಲುದಾರಿಯು ಬಾದಾಮಿ, ಗುಳೇದಗುಡ್ಡ ರೋಡ್, ಬಾಗಲಕೋಟೆಗಳ ಮೇಲೆ ಹಾದುಹೋಯಿತು. ಗಿರಣಿಯ ನೂಲೂ ಪರದೇಶದ ಬಣ್ಣವೂ ಬರಲು ಇದು ಹೆದ್ದಾರಿಯಾಯಿತು. ಇಳಕಲ್ಲ ಮಾತ್ರ ಈ ದಾರಿಯಿಂದ ದೂರವೇ ಉಳಿಯಿತು.

ಬಣ್ಣದ ದ್ರವ್ಯವು ಹೊರಗಿನಿಂದ ಬರತೊಡಗಿದ ಮೇಲೆ ಬಣ್ಣದ ಭಾಗ್ಯವೂ ಹೊರಗಿನವರ ಕೈಸೇರಿತು. ೧೯೧೪ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಜರ್ಮನಿಯ ಬಣ್ಣಗಳ ಆಮದು ನಿಂತು, ಭಾರತದಲ್ಲೆಲ್ಲ ಅವುಗಳ ಬೆಲೆ ವಿಪರೀತವಾಗಿ ಏರಿತು. ಬೇರು-ತೊಗಟೆಗಳ ಬಣ್ಣಗಾರಿಕೆಯು ಅಷ್ಟರಲ್ಲಿ ಬಹುಮಟ್ಟಿಗೆ ಕ್ಷೀಣಿಸಿದ್ದಿತು. ಸ್ವಾತಂತ್ರ್ಯಾನಂತರ ದೇಶದೊಳಗೇ ಬಣ್ಣದ ಕಾರಖಾನೆಗಳು ಬೆಳೆದುವು. ಗುಜರಾತಿನಲ್ಲಿ ಕಸ್ತೂರಭಾಯಿ ಲಾಲಭಾಯಿಯವರು ೧೯೪೭ರಲ್ಲಿ ಸ್ಥಾಪಿಸಿದ ಅತುಲ್ ಸಂಸ್ಥೆಯನ್ನು ೧೯೫೨ರಲ್ಲಿ ಜವಾಹರಲಾಲ ನೆಹರೂರವರು ಉದ್ಘಾಟಿಸಿದರು. ೧೯೯೦ರ ದಶಕದಲ್ಲಿ ಆರೋಗ್ಯಕ್ಕೆ ಹಾನಿಕರವೆಂದು ಆಜೋ ವರ್ಗದ ಕೆಲವು ಬಣ್ಣಗಳು ನಿಷಿದ್ಧವಾದುವು.

ಇಷ್ಟೆಲ್ಲ ಮಾರ್ಪಾಟುಗಳಾದರೂ ಹಳೆಯ ತೊಡಕು ಹೊಸ ರೂಪದಲ್ಲಿ ಉಳಿಯಿತು. ಹತ್ತಿಗೆ ಹಿಡಿಯುವ ನೆಫ್ತಾಲ್ ಬಣ್ಣಗಳ ವರ್ಗ ಬೇರೆ, ರೇಷ್ಮೆಗೆ ಹಿಡಿಯುವ ಆಮ್ಲವರ್ಣಗಳ ವರ್ಗ ಬೇರೆ. ಮಡ್ಡಿಗೂ ಅರಗಿಗೂ ಇದ್ದ ಅಂತರವೇ ಇವೆರಡರ ನಡುವೆಯೂ ಇದೆ. ಇಲ್ಲಿ ಕೃತಕ ರೇಷ್ಮೆಯ ವಿಷಯವು ವಿಚಾರಾರ್ಹವಾಗಿದೆ. ಚಮಕಾ ನೋಡಲು ರೇಷ್ಮೆಯಂತಿದ್ದರೂ ಅದರ ಮೂಲದ್ರವ್ಯ ಮರದ ತಿರುಳಿನದು. ಗುಣದಲ್ಲಿ ಅದು ಹತ್ತಿಯ ಬಳಗಕ್ಕೆ ಸೇರಿದುದು. ಹತ್ತಿಗೆ ಹಿಡಿಯುವ ಬಣ್ಣ ಅದಕ್ಕೂ ಹಿಡಿಯುತ್ತದೆ. ಎಂದರೆ ಚಮಕಾ ಬಂದ ಮೇಲೆ ಮೈ, ದಡಿ, ಸೆರಗು ಮೂರನ್ನೂ ಒಂದೇ ವರ್ಗದ ಬಣ್ಣದಿಂದ ಅದ್ದುವುದು ಸಾಧ್ಯವಾಯಿತು. ಆದರೂ ಕೆಂಪು-ಬಿಳಿಯ ಸೆರಗು ಅಳಿಯಲಿಲ್ಲ. ಮೈಯಿಂದ ಅದನ್ನು ಬೇರ್ಪಡಿಸುವ ಕ್ರಮವೂ ಅಳಿಯಲಿಲ್ಲ. ಆದುದರಿಂದ ಈ ಕ್ರಮವು ದ್ರವ್ಯದ ನಿರ್ಬಂಧದಿಂದ ಹುಟ್ಟಿರಬಹುದಾದರೂ, ಆ ನಿರ್ಬಂಧ ಸಡಿಲಿದ ಮೇಲೆಯೂ ಸಂಪ್ರದಾಯದ ಬಲದಿಂದ ಉಳಿಯಿತೆಂದು ಒಡಂಬಡಬೇಕಾಗುತ್ತದೆ.

೬. ಖಣದ ಹೊಂದಿಕೆ

ಸೀರೆಯೊಳಗಣ ಹೊಂದಿಕೆಗೆ ಒಬ್ಬ ನೇಕಾರನೂ ಒಂದು ಹಂಡೆಯೂ ಸಾಕು. ಸೀರೆಗೂ ಖಣಕ್ಕೂ ನಡುವೆ ಅಂತಹ ಒಂದು ಕೈಯಿಲ್ಲ. ಗುಳೇದಗುಡ್ಡದ ಖಣದ ಮೈತುಂಬ ಹೆಚ್ಚುವರಿ ಹಾಸಿನ ಎಳೆಗಳಿಂದ ಎತ್ತಿದ ಸಣ್ಣ ವಿನ್ಯಾಸಗಳಿರುತ್ತವೆ. ತೇರು, ಆನೆಹೆಜ್ಜೆ ಮೊದಲಾದುವು ಅವುಗಳ ಹೆಸರು. ಎರಡೂ ಅಂಚುಗಳಲ್ಲಿ ದಡಿಯಿದ್ದು, ಕುಪ್ಪಸ ಹೊಲಿದಾಗ ಆ ದಡಿ ತೋಳಿನ ತುದಿಗೆ ಬರುತ್ತದೆ. ಸೀರೆಯ ದಡಿಯೂ ತೋಳಿನ ದಡಿಯೂ ಹೀಗೆ ಒಂದೇ ನೋಟದಲ್ಲಿ ಬೀಳುತ್ತವೆ. ಹೊಂದಿಕೆಯ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಖಣದ ನೇಕಾರನು ತನ್ನ ಬಟ್ಟೆ ಯಾವ ಸೀರೆಯ ಜೊತೆಗೆ ಹೋಗುವುದೆಂದು ತಿಳಿಯದೆ ನೇಯುತ್ತಾನೆ. ಆದುದರಿಂದ ಅವನ ಉಪಾಯವೂ ಬೇರೆ. ಖಣದ ಹಾಸಿಗೆ ಒಂದು, ಹೊಕ್ಕಿಗೆ ಇನ್ನೊಂದು ಬಣ್ಣ ಕೊಡುವುದುಂಟು. ಆಗ ಬಟ್ಟೆಯು ಬೆಳಕು ಬಿದ್ದ ಕಡೆಗೆ ಒಂದು ಬಣ್ಣವಾಗಿಯೂ ಮಡಿಕೆಯಲ್ಲಿ ಇನ್ನೊಂದು ಬಣ್ಣವಾಗಿಯೂ ತೋರುತ್ತದೆ. ಕೆಂಪು-ಹಸಿರಿನ ಇಂತಹ ಒಂದು ಖಣವು ಹಸಿರು ಮೈಯ ಸೀರೆಗೂ ಒಪ್ಪುತ್ತದೆ, ಕೆಂಪು ದಡಿಯ ಯಾವ ಸೀರೆಗೂ ಒಪ್ಪುತ್ತದೆ. ಇಳಕಲ್ಲಿನವರು ದಡಿ-ಸೆರಗುಗಳ ಕೆಂಪನ್ನು ಬಿಡದೆ ಹಿಡಿದಿದ್ದುದರಿಂದಲೇ ಗುಳೇದಗುಡ್ಡದವರಿಗೆ ಹೀಗೆ ಕಾಣದ ಸೀರೆಗೆ ಖಣ ನೇಯುವುದು ಸಾಧ್ಯವಾಯಿತೆಂದು ನಮ್ಮ ತರ್ಕ. ಒಬ್ಬರು ಸ್ಥಿರತೆಯನ್ನು ಕೊಟ್ಟರು, ಇನ್ನೊಬ್ಬರು ಹೊಂದಿಕೊಳ್ಳುವ ಗುಣವನ್ನು ಕೊಟ್ಟರು.

ಕೊನೆಯ ತೀರ್ಪು ಮಾತ್ರ ಕೊಳ್ಳುವವಳದೇ. ಸೀರೆಯನ್ನು ಬಗಲಲ್ಲಿಟ್ಟುಕೊಂಡು ಹೋಗಿ, ಖಣದ ಗಂಟು ಬಿಚ್ಚಿಸಿ, ಸೆರಗಿನ ಮೇಲೆ ಹಾಸಿ ನೋಡಿ ಆರಿಸುವುದು ಪೇಟೆಯಲ್ಲಿಯೂ ಜಾತ್ರೆಯಲ್ಲಿಯೂ ಕಾಣುವ ನೋಟ. ಬಾದಾಮಿಯ ಸಮೀಪದ ಬನಶಂಕರಿಯ ಜಾತ್ರೆಯು ಇಂತಹ ವ್ಯಾಪಾರದ ದೊಡ್ಡ ಕೂಟ. ಬನಶಂಕರಿಯು ದೇವಾಂಗ ನೇಕಾರರ ಕುಲದೇವತೆಯೂ ಆಗಿರುವುದು ಇಲ್ಲಿ ಸ್ಮರಣೀಯ. ಉಡಿ ತುಂಬುವಾಗ ಅಕ್ಕಿ, ತೆಂಗಿನಕಾಯಿಗಳೊಂದಿಗೆ ಖಣವನ್ನಿಡುವ ಪದ್ಧತಿಯಿಂದ ಖಣಕ್ಕೆ ಸೀರೆಯ ಹೊರತಾಗಿಯೂ ಒಂದು ಸ್ವತಂತ್ರ ಬೇಡಿಕೆ ಉಂಟಾಯಿತು. ಮಹಾರಾಷ್ಟ್ರದಲ್ಲಿಯೂ ಇರಕಲಿ ಸೀರೆ ಮತ್ತು ಖಣದ ಚೋಳಿಗಳು ಮನೆಮಾತಾಗಿವೆ. ೧೯೫೬ರಲ್ಲಿ ಆಡಳಿತದ ಗಡಿ ನಡುವೆ ಬಂದರೂ ಉಡುಪಿನ ಈ ನಂಟು ಹರಿಯಲಿಲ್ಲ.

೭. ಇಂದಿನ ಪ್ರಶ್ನೆ

ಇಂದು ಬಣ್ಣದ ಹೊಂದಿಕೆಯೆಂಬುದು ಬೇರೊಂದು ಕಸುಬಿನವರ ಸಮಸ್ಯೆಯೂ ಆಗಿದೆ. ಗಣಕಯಂತ್ರದಲ್ಲಿ ಜಾಲತಾಣಗಳನ್ನು ಕಟ್ಟುವವರಲ್ಲಿ ಕೆಲವರು ತಾಣದ ಬಣ್ಣಗಳೂ, ತಾವು ಸಂಕೇತಗಳನ್ನು ಬರೆಯುವ ಸಂಪಾದಕ ತಂತ್ರಾಂಶದ ಬಣ್ಣಗಳೂ ಒಂದೇ ಬಗೆಯಾಗಿರಬೇಕೆಂದು ಬಯಸುತ್ತಾರೆ. ಅಲ್ಲಿ ಪ್ರತಿಯೊಂದು ಬಣ್ಣಕ್ಕೂ ಆರು ಅಕ್ಷರಗಳ ಒಂದು ಅಂಕಿತವುಂಟು. ಕೆಂಪು, ಹಸಿರು, ನೀಲಿಗಳಿಗೆ ತಲಾ ೨೫೬ ಮೆಟ್ಟಿಲುಗಳಿರುವುದರಿಂದ ಒಟ್ಟು ೧,೬೭,೭೭,೨೧೬ ಬಣ್ಣಗಳನ್ನು ಹೆಸರಿಸಬಹುದು. ಅಂಕಿತವನ್ನು ಎರಡು ಕಡೆ ಬರೆದಿಟ್ಟರೆ, ಒಂದು ಕಡೆ ತಿದ್ದಿದಾಗ ಇನ್ನೊಂದು ಕಡೆ ಹಳೆಯದೇ ಉಳಿದು ಹೊಂದಿಕೆ ಕೆಡುತ್ತದೆ. ಆದುದರಿಂದ ಬಲ್ಲವರು ಬಣ್ಣಗಳನ್ನು ಒಂದೇ ಕಡತದಲ್ಲಿಟ್ಟು, ಹಿನ್ನೆಲೆಯ ಬಣ್ಣ, ತಲೆಬರೆಹದ ಬಣ್ಣ ಎಂದು ಅವುಗಳ ಕೆಲಸದಿಂದ ಅವನ್ನು ಹೆಸರಿಸಿ, ಎರಡೂ ಕಡೆಗೆ ಅಲ್ಲಿಂದಲೇ ಒದಗಿಸುತ್ತಾರೆ. ಇಳಕಲ್ಲಿನ ಹಂಡೆಯ ಕ್ರಮವೂ ಇದೇ. ದಡಿ-ಸೆರಗಿನ ಬಣ್ಣವೆಂಬುದು ಒಂದು ಛಾಯೆಯ ಹೆಸರಲ್ಲ, ಒಂದು ಸ್ಥಾನದ ಹೆಸರು. ಆ ಸ್ಥಾನದಲ್ಲಿ ಅರಗಿನ ಕೆಂಪು ಕುಳಿತಾಗಲೂ, ಕಾರಖಾನೆಯ ಕೆಂಪು ಕುಳಿತಾಗಲೂ ಸೀರೆಯು ಇಳಕಲ್ಲ ಸೀರೆಯೇ ಆಗಿ ಉಳಿಯಿತು. ಆದರೆ ನೂಲಿಗೆ ಅಂಕಿತವೊಂದೇ ಸಾಲದು: ಒಂದು ಬೆಳಕಿನಲ್ಲಿ ಕೂಡಿದ ಎರಡು ಎಳೆಗಳು ಇನ್ನೊಂದು ಬೆಳಕಿನಲ್ಲಿ ಬೇರೆಯಾಗಿ ಕಾಣುವುದುಂಟು, ತೊಳೆದಾಗ ಒಂದು ಮಾಸಿ ಇನ್ನೊಂದು ಉಳಿಯುವುದುಂಟು.

ಈ ದೃಷ್ಟಿಯಿಂದ ಅಸಲು-ನಕಲುಗಳ ಪ್ರಶ್ನೆಯನ್ನು ನೋಡಬೇಕು. ೧೯೮೫ರ ಕಾಯಿದೆಯು ಕೆಲವು ವಸ್ತ್ರಗಳನ್ನು ಕೈಮಗ್ಗಕ್ಕೆ ಮೀಸಲಿಟ್ಟಿತು. ಆದರೂ ವಿದ್ಯುನ್ಮಗ್ಗದ ಸ್ಪರ್ಧೆ ನಿಲ್ಲಲಿಲ್ಲ. ವಿದ್ಯುನ್ಮಗ್ಗವು ಇಳಕಲ್ಲಿನ ಛಾಯೆಯನ್ನು ಸುಲಭವಾಗಿ ಅನುಕರಿಸಬಲ್ಲುದು. ಒಂದೊಂದು ಸೀರೆಗೂ ಕೈಯಿಂದ ಕೊಂಡಿ ಹಾಕಿ ಎರಡು ಹಾಸುಗಳನ್ನು ಜೋಡಿಸುವ ಕೆಲಸ ಅದರ ವೇಗಕ್ಕೆ ಒಗ್ಗುವುದಿಲ್ಲ. ಅಲ್ಲಿ ಮೈಯ ಹಾಸೇ ಸೆರಗಿನೊಳಕ್ಕೂ ಮುಂದುವರಿದು, ಸೆರಗಿನ ಕೆಂಪು ಮೈಯ ಬಣ್ಣದೊಡನೆ ಬೆರೆತು ಮಂಕಾಗುತ್ತದೆ. ಆದುದರಿಂದ ಇಂತಹ ನೈಸರ್ಗಿಕ ಬಣ್ಣವೇ ಅಸಲೆಂದು ಹಟ ಹಿಡಿಯುವುದು ಇತಿಹಾಸಕ್ಕೆ ಒಪ್ಪುವ ಮಾತಲ್ಲ. ಬಣ್ಣವು ಕಳೆದ ನೂರಾರು ವರ್ಷಗಳಲ್ಲಿ ಹಲವು ಸಲ ಬದಲಾಗಿದೆ. ಬದಲಾಗದೆ ಬಂದುದು ಕೊಂಡಿ, ಮತ್ತು ಕೊಂಡಿಯಿಂದ ಸಾಧ್ಯವಾದ ದಡಿ-ಸೆರಗುಗಳ ಐಕ್ಯ. ಗುರುತಿನ ಮಾನ್ಯತೆಯು ಕಾಯಬೇಕಾದುದು ಇದನ್ನೇ.

ಕೊಂಡಿಯನ್ನು ಕಾಯುವುದೆಂದರೆ ಅದನ್ನು ಹಾಕುವ ಕೈಯನ್ನು ಕಾಯುವುದೇ ಸರಿ. ಪ್ರತಿ ಸೀರೆಗೂ ಹೊಸ ಹಾಸು ಹೂಡುವ ದುಡಿಮೆಗೆ ತಕ್ಕ ಕೂಲಿ ದೊರೆಯದಿದ್ದರೆ ನೇಕಾರನು ಕೊಂಡಿಯನ್ನು ಬಿಡುತ್ತಾನೆ; ಆಗ ಯಾವ ಪ್ರಮಾಣಪತ್ರದಿಂದಲೂ ಪ್ರಯೋಜನವಿಲ್ಲ. ಇದರೊಂದಿಗೆ ವಿದ್ಯಾಸಂಸ್ಥೆಗಳು ಮಾಡಬಹುದಾದ ಒಂದು ಕೆಲಸವೂ ಉಂಟು. ಈ ಸೀಮೆಯ ಮನೆಗಳ ಪೆಟ್ಟಿಗೆಗಳಲ್ಲಿ ಹಳೆಯ ಸೀರೆ-ಖಣಗಳು ಇನ್ನೂ ಉಳಿದಿವೆ. ಯಾವ ಮದುವೆಗೆ, ಯಾವ ವರ್ಷ ಕೊಂಡುದೆಂದು ಮನೆಯ ಹಿರಿಯರು ಹೇಳಬಲ್ಲರು. ಅಂತಹವನ್ನು ಜೋಡಿಯಾಗಿಯೇ ಕಾಲದೊಡನೆ ಗುರುತಿಸಿ, ಬೆಳಕು ತಾಗದಂತೆ ಇಟ್ಟು, ದಡಿ, ಸೆರಗು, ಖಣಗಳ ಬಣ್ಣವನ್ನು ಒಟ್ಟಿಗೆ ದಾಖಲಿಸಿದರೆ, ಈ ಲೇಖನದಲ್ಲಿ ರಚನೆಯಿಂದ ಊಹಿಸಿದುದನ್ನು ವಸ್ತುವಿನಿಂದಲೇ ಪರೀಕ್ಷಿಸಬಹುದಾಗಿದೆ. ಸೀರೆಯನ್ನು ಒಂದು ಕಡೆಗೆ, ಖಣವನ್ನು ಇನ್ನೊಂದು ಕಡೆಗೆ ಇಟ್ಟು ಅಭ್ಯಸಿಸಿದರೆ ಹೊಂದಿಕೆಯ ಇತಿಹಾಸವು ಕೈಗೆ ಸಿಕ್ಕದು. ಅವು ಜೊತೆಯಾಗಿ ಬದುಕಿದ ವಸ್ತ್ರಗಳು. ಅವುಗಳ ಅಭ್ಯಾಸವೂ ಜೊತೆಯಾಗಿಯೇ ನಡೆಯತಕ್ಕದ್ದು.